ಕೆಲಸವಿಲ್ಲದಾಗ ಏರಿದ ಅಂಕ

ಕೋವಿಡ್ ಕಳೆದು ಎಲ್ಲರೂ ಕಚೇರಿಗೆ ಮರಳಿದ ವರ್ಷ. ಮಂಗಳೂರಿನ ಬಿಜೈಯಲ್ಲಿದ್ದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಪರ್ಫಾರ್ಮೆನ್ಸ್ ಇಂಜಿನಿಯರ್ ಆಗಿದ್ದೆ. ಪ್ರೋಗ್ರಾಮ್ ಏಕೆ ನಿಧಾನವಾಗಿದೆ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ಎಷ್ಟೇ ಕೆಟ್ಟ ಪ್ರೋಗ್ರಾಮ್ ನೋಡಿದರೂ ನನಗೆ ಹೇಸಿಗೆಯಾದದ್ದಿಲ್ಲ. ಮನುಷ್ಯರನ್ನು ನೋಡಿ ಹೇಸಿಗೆಯಾದದ್ದು ಆ ವರ್ಷ.

ಸ್ಕ್ಯಾನ್ ಯಂತ್ರದಿಂದ ಬರುವ ಮಾಹಿತಿಯನ್ನು ಜೋಡಿಸಿ, ಚಿತ್ರ ಮಾಡಿ, ವೈದ್ಯರ ಪರದೆಗೆ ಕಳಿಸುವ ಪ್ರೋಗ್ರಾಮ್ ನಮ್ಮದು. ಚಿತ್ರ ಬರಲು ತಡವಾಗುತ್ತಿದೆ ಎಂದು ನಗರದ ಒಂದು ಆಸ್ಪತ್ರೆ ದೂರು ಕೊಟ್ಟಿತು. ಪಾರ್ಶ್ವವಾಯು ಬಡಿದವರನ್ನು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಚಿತ್ರಕ್ಕಾಗಿ ಕಾಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರೋಗ್ರಾಮನ್ನು ಚುರುಕುಗೊಳಿಸಲು ತಂಡದ ಪ್ರತಿಯೊಬ್ಬ ಇಂಜಿನಿಯರ್ ತನ್ನದೊಂದು ಆವೃತ್ತಿ ಬರೆಯಬೇಕೆಂದು ತೀರ್ಮಾನವಾಯಿತು.

ಕಂಪ್ಯೂಟರಿನ ಪ್ರೊಸೆಸರಿನ ಒಳಗೆ ಹಾರ್ಡ್‌ವೇರ್ ಕೌಂಟರ್‌ಗಳಿರುತ್ತವೆ. ಮನೆಯ ಕರೆಂಟ್ ಮೀಟರಿನ ಹಾಗೆ ಅವು ಸುಮ್ಮನೆ ಎಣಿಸುತ್ತಾ ಇರುತ್ತವೆ: ಪ್ರೋಗ್ರಾಮಿನ ಎಷ್ಟು ಸೂಚನೆಗಳು ನಡೆದವು, ಪ್ರೊಸೆಸರಿನ ಗಡಿಯಾರ ಎಷ್ಟು ಸಲ ಬಡಿಯಿತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದು ಐಪಿಸಿ, ಅಂದರೆ ಒಂದು ಬಡಿತಕ್ಕೆ ನಡೆದ ಸೂಚನೆಗಳ ಸಂಖ್ಯೆ. ಉಪಯುಕ್ತ ಅಂಕ. ಆದರೆ ನಡೆದ ಸೂಚನೆಗಳಿಂದ ಏನಾದರೂ ಪ್ರಯೋಜನವಾಯಿತೇ ಎಂಬುದನ್ನು ಅದು ಹೇಳುವುದಿಲ್ಲ.

ನಮ್ಮ ಮ್ಯಾನೇಜರ್ ಜಗದೀಶ್ ಈ ಅಂಕವನ್ನೇ ಹಿಡಿದುಕೊಂಡರು. ಐಪಿಸಿ ಏರಿಸಿದವರಿಗೆ ಬಡ್ತಿ, ಇಳಿಸಿದವರಿಗೆ ಎಚ್ಚರಿಕೆ ಪತ್ರ. ಕಾಫಿ ಮೆಷಿನ್ ಪಕ್ಕದ ಗೋಡೆಗೆ ಎಲ್ಲರ ಅಂಕ ಅಂಟಿಸಿದರು.

ಮುಂದಿನದ್ದು ಊಹಿಸಬಹುದು. ಮಾಹಿತಿ ಬರುವ ತನಕ ಪ್ರೋಗ್ರಾಮ್ ಸುಮ್ಮನೆ ಮಲಗಿರಬೇಕು. ತಂಡದವರು ಅದನ್ನು ಮಲಗಲು ಬಿಡದೆ, 'ಬಂತಾ, ಬಂತಾ' ಎಂದು ಕೇಳುತ್ತಾ ಸುತ್ತುವ ಹಾಗೆ ಮಾಡಿದರು. ಎರಡು ಸಾಲಿನ ಬದಲಾವಣೆ. ಬೋಳಾರದಲ್ಲಿ ನಮ್ಮ ತಂದೆಯ ಹೋಟೆಲಿತ್ತು. ದೋಸೆ ಆಯಿತಾ ಎಂದು ಸಪ್ಲಾಯರ್ ಕ್ಷಣಕ್ಕೊಮ್ಮೆ ಅಡುಗೆಮನೆಗೆ ಓಡಿದರೆ ಅವನ ಹೆಜ್ಜೆ ಹೆಚ್ಚಾಗುತ್ತದೆಯೇ ಹೊರತು ದೋಸೆ ಬೇಗ ಬೇಯುವುದಿಲ್ಲ. ಇಲ್ಲಿಯೂ ಐಪಿಸಿ ಒಂದರಿಂದ ಮೂರಕ್ಕೆ ಹಾರಿತು, ಚಿತ್ರ ಮಾತ್ರ ಮೊದಲಿನಷ್ಟೇ ತಡ. ಎಲ್ಲರಿಗೂ ಅದು ಗೊತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಒಬ್ಬ ಮಾತ್ರ ಆ ಎರಡು ಸಾಲು ಹಾಕಲಿಲ್ಲ. ಕುಲಶೇಖರದ ಸಫ್ವಾನ್. ಮನೆಯವರೆಲ್ಲ ಗಲ್ಫ್ ಸೇರಿದ್ದರೂ ಊರಲ್ಲೇ ಇರುತ್ತೇನೆಂದು ಹಟ ಹಿಡಿದು ಈ ಕೆಲಸಕ್ಕೆ ಸೇರಿದವನು. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದ ಭಾಗಗಳನ್ನು ಹುಡುಕಿ ಕಿತ್ತುಹಾಕಿದ್ದ. ಸೂಚನೆಗಳು ಕಾಲುಭಾಗಕ್ಕೆ ಇಳಿದವು; ಗಡಿಯಾರದ ಬಡಿತಗಳು ಅಷ್ಟೊಂದು ಇಳಿಯದ್ದರಿಂದ ಭಾಗಿಸಿದಾಗ ಐಪಿಸಿಯೂ ಇಳಿಯಿತು. ಗೋಡೆಯ ಮೇಲೆ ಅವನ ಹೆಸರು ಕೊನೆಯಲ್ಲಿ, ಕೆಂಪು ಬಣ್ಣದಲ್ಲಿತ್ತು.

ಎಚ್ಚರಿಕೆ ಪತ್ರ ಹಿಡಿದುಕೊಂಡೇ ನನ್ನ ಮೇಜಿಗೆ ಬಂದ. "ಮೇಡಂ, ಈ ತಿಂಗಳು ಅಂಕ ಏರದಿದ್ದರೆ ಹೋಗ್ಬೇಕಂತೆ. ಮತ್ತೆ ದುಬೈಯಲ್ಲಿ ಮಾಮನ ಅಂಗಡಿಯೇ."

"ಆ ಎರಡು ಸಾಲು ಹಾಕಿದ್ರೆ ಮುಗೀತಲ್ಲ?" ಎಂದೆ, ಅವನ ಮನಸ್ಸು ತಿಳಿಯಲು.

"ಅಲ್ಲಿ ರೋಗಿ ಮಲಗಿಕೊಂಡು ಇದ್ದಾರಲ್ಲ ಮೇಡಂ. ನನಗೆ ಅದು ಆಗುದಿಲ್ಲ."

ಚಿತ್ರ ಕೊಡಲು ಎಷ್ಟು ಸೆಕೆಂಡು ಬೇಕೆಂದು ನಾನು ಎಲ್ಲರ ಆವೃತ್ತಿಗಳನ್ನೂ ಗಡಿಯಾರ ಇಟ್ಟು ಅಳೆದೆ. ಸಫ್ವಾನನದ್ದು ಉಳಿದವುಗಳ ಅರ್ಧ ಸಮಯದಲ್ಲಿ ಮುಗಿಯುತ್ತಿತ್ತು. ಜಗದೀಶರಿಗೆ ತೋರಿಸಿದೆ. ಅವರು ಬಾಗಿಲು ಹಾಕಿ ಬಂದು ಕೂತರು.

"ಎಂತ ಮೇಡಂ ನೀವು, ಗಡಿಯಾರ ಆದ್ರೆ ಆಸ್ಪತ್ರೆಯವರಿಗೂ ಅರ್ಥ ಆಗ್ತದೆ ಮಾರಾಯ್ರೆ. ಪ್ರಶ್ನೆ ಕೇಳ್ತಾರೆ. ಐಪಿಸಿ ಆದ್ರೆ ಯಾರೂ ಕೇಳುದಿಲ್ಲ."

ಅವರ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ವಾರದ ಸಭೆಗೆ ಕಂಪನಿಯ ಡೈರೆಕ್ಟರ್ ಬಂದಿದ್ದರು. ಗೋಡೆಯ ಮೇಲೆ ಮೊದಲ ಸ್ಥಾನದಲ್ಲಿದ್ದ ಆವೃತ್ತಿಯನ್ನು ಅವರೆದುರು ಓಡಿಸಿದೆ. ಅಂಕ ಮೂರು. ಆಮೇಲೆ ಮಾಹಿತಿ ಬರುತ್ತಿದ್ದ ಕೇಬಲನ್ನು ಕಿತ್ತೆ. ಈಗ ಪ್ರೋಗ್ರಾಮಿಗೆ 'ಬಂತಾ, ಬಂತಾ' ಎಂದು ಸುತ್ತುವುದು ಬಿಟ್ಟು ಮಾಡಲು ಯಾವ ಕೆಲಸವೂ ಇಲ್ಲ. ಪರದೆಯ ಮೇಲೆ ಅಂಕ ಇನ್ನೂ ಮೇಲೇರಿತು. ನಾನು ಸುತ್ತ ನೋಡಿದೆ. ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಒಬ್ಬರು ಉಗುರು ನೋಡಿಕೊಂಡರು, ಇನ್ನೊಬ್ಬರು ಬಿಸ್ಕತ್ತು ಚಹಾದಲ್ಲಿ ಅದ್ದಿದರು.

ಗಡಿಯಾರ ಇಟ್ಟು ಅಳೆದ ಲೆಕ್ಕವನ್ನೂ ನಾನು ತೋರಿಸಿದ ಮೇಲೆ ಡೈರೆಕ್ಟರ್ ಸಫ್ವಾನನ ಆವೃತ್ತಿಯನ್ನೇ ಆಸ್ಪತ್ರೆಗೆ ಹಾಕಲು ಹೇಳಿ ಎದ್ದುಹೋದರು. ಅವನ ಕೆಲಸ ಉಳಿಯಿತೆಂದು ನಾನು ಮನಸ್ಸಿನಲ್ಲೇ ಹಿಗ್ಗಿದೆ. ಪತ್ರ ಯಾವಾಗ ಹಿಂದಕ್ಕೆ ಪಡೆಯುತ್ತೀರಿ ಎಂದು ಕೇಳಿದ್ದಕ್ಕೆ ಜಗದೀಶ್ ಹೇಳಿದರು: "ಅವನ ಅಂಕ ಸಿಸ್ಟಮಿಗೆ ಹೋಗಿ ಆಯ್ತು. ಅದನ್ನು ಬದಲಾಯಿಸಿದ್ರೆ ಉಳಿದವರ ಬಡ್ತಿಯನ್ನೂ ಬದಲಾಯಿಸ್ಬೇಕಾಗ್ತದೆ."

ಡೈರೆಕ್ಟರಿಗೂ ಬರೆದೆ, ಉತ್ತರ ಬರಲಿಲ್ಲ. ಪ್ರೋಗ್ರಾಮನ್ನು ಇಟ್ಟುಕೊಂಡರು, ಬರೆದವನನ್ನು ಕಳಿಸಿದರು. ಬಡ್ತಿ ಪಡೆದವರಲ್ಲಿ ಒಬ್ಬನೂ ಅವನ ಪರ ನಿಲ್ಲಲಿಲ್ಲ. ಬೀಳ್ಕೊಡುಗೆಯ ಕೇಕ್ ತಿನ್ನಲು ಮಾತ್ರ ಎಲ್ಲರೂ ಬಂದಿದ್ದರು. ನಾನು ಆ ಕೇಕ್ ಮುಟ್ಟಲಿಲ್ಲ.

ಮೆಟ್ಟಿಲಿಳಿಯುವಾಗ ಸಫ್ವಾನ್ ಕೇಳಿದ್ದು ಒಂದೇ: "ಆಸ್ಪತ್ರೆಯಲ್ಲಿ ಈಗ ಚಿತ್ರ ಬೇಗ ಬರ್ತದಾ ಮೇಡಂ?" ಬರುತ್ತದೆ ಎಂದೆ. "ಹಾಗಾದ್ರೆ ಆಯ್ತು" ಎಂದು ಅವನು ನಕ್ಕ. ಅವನಿಗೆ ಬರಬೇಕಾಗಿದ್ದ ಸಿಟ್ಟೂ ನನಗೇ ಬಂತು.

ಅಲ್ಲಿಂದ ಈಚೆಗೆ ಯಾವ ಪ್ರೋಗ್ರಾಮ್ ಕೈಗೆ ಬಂದರೂ ಮೊದಲು ಅದರ ಕೆಲಸ ನಿಲ್ಲಿಸಿ ಅಳೆಯುತ್ತೇನೆ. ಆಗಲೂ ಅಂಕ ಚೆನ್ನಾಗಿ ಬಂದರೆ ಪ್ರೋಗ್ರಾಮನ್ನು ಬದಿಗಿಟ್ಟು, ಆ ಅಂಕ ಯಾರಿಗೆ ಬೇಕಾಗಿದೆ ಎಂದು ವಿಚಾರಿಸುತ್ತೇನೆ. ಕೆಟ್ಟಿರುವುದು ಹೆಚ್ಚಾಗಿ ಅಲ್ಲೇ.