ಅತ್ತೆಯ ಹೊರಸಿನ ಮೇಲಿನ ಬೆಳಕಿಂಡಿ

ಸ್ವಾತಂತ್ರ್ಯಕ್ಕೆ ಇನ್ನೂ ಐದಾರು ವರ್ಷ ಇದ್ದಾಗಿನ ಮಾತು. ನಾನು ಗಂಗಾವತಿಯಲ್ಲಿ ನಾಲ್ಕನೆಯ ಜಮಾತಿನ ತನಕ ಓದಿ ಕುಷ್ಟಗಿಗೆ ಸೊಸೆಯಾಗಿ ಬಂದಿದ್ದೆ. ಆ ನಾಲ್ಕು ಜಮಾತು ನನ್ನ ತಲೆಗೆ ಏರಿತ್ತು, ಸುಳ್ಳು ಯಾಕೆ ಹೇಳಲಿ.

ಆ ಬೇಸಿಗೆ, ಮಳೆ ಬರುವ ಮೊದಲು ನಡುಮನೆಯ ಮೇಲಿನ ಮಣ್ಣಿನ ಮಾಳಿಗೆ ಕಿತ್ತು ಹೊಸದು ಹಾಕಿಸುತ್ತಿದ್ದೆವು. ಅತ್ತೆಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಚಳಿ ಬಂದರೆ ಆ ಅರ್ಧ ಮೈ ಕಲ್ಲಿನಂತೆ ತಣ್ಣಗಾಗುತ್ತಿತ್ತು. ಅಗ್ಗಿಷ್ಟಿಗೆ ಇಟ್ಟರೆ ಹೊಗೆಗೆ ಕೆಮ್ಮು. ಅಂಗಳಕ್ಕೆ ಎತ್ತಿ ತಂದರೆ ಓಣಿಯವರು ನೋಡುತ್ತಾರೆಂಬ ಸಂಕೋಚ. ಅದಕ್ಕೇ ಮಾಳಿಗೆಯಲ್ಲಿ ಬೆಳಕಿಂಡಿ ಬಿಡಿಸಿ ಅವರು ಮಲಗುವ ಹೊರಸಿನ ಮೇಲೆ ಬಿಸಿಲು ಬೀಳುವಂತೆ ಮಾಡೋಣವೆಂದು ನಮ್ಮ ಮನೆಯವರು ಹೇಳಿದರು. ಕಿಂಡಿಯ ಜಾಗ ತೋರಿಸುವ ಕೆಲಸ ನಾನೇ ವಹಿಸಿಕೊಂಡೆ.

ದಾರಕ್ಕೆ ಕಲ್ಲು ಕಟ್ಟಿ ತೊಲೆಯಿಂದ ಇಳಿಬಿಟ್ಟು, ಹೊರಸಿನ ಜಾಗಕ್ಕೆ ನೇರ ಮೇಲೆ ಗುರುತು ಹಾಕಿಸಿದೆ. ಪಡಸಾಲೆಯಲ್ಲಿ ಮಲಗಿದ್ದ ಅತ್ತೆ ಅಲ್ಲಿಂದಲೇ ಕೂಗಿದರು.

"ಯವ್ವಾ, ಇನ್ನೂ ಐದು ಮೊಳ ದಕ್ಷಿಣಕ್ಕ ಬಿಡಸು. ಥಂಡಿ ದಿನದಾಗ ಹೊತ್ತು ವಾರಿ ಆಗ್ತೈತಿ, ಬಿಸಲು ಉತ್ತರಕ್ಕ ಸರೀತೈತಿ."

ದಾರ ಹಿಡಿದು ನೋಡಿದ್ದು ತಪ್ಪುತ್ತದೆಯೇ ಎಂದು ಕೆಲಸಗಾರರ ಮುಂದೆಯೇ ನಕ್ಕುಬಿಟ್ಟೆ. ಮಾಳಿಗೆ ಮುಗಿದ ದಿನ ನಡುಮಧ್ಯಾಹ್ನ ಬಿಸಿಲು ಸರಿಯಾಗಿ ಅತ್ತೆಯ ಮಡಿಲಿಗೇ ಬಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪುಷ್ಯ ಬಂತು. ಸೂರ್ಯ ದಕ್ಷಿಣಕ್ಕೆ ವಾಲಿದ. ಕಿಂಡಿಯ ಬಿಸಿಲು ಹೊರಸು ದಾಟಿ, ಉತ್ತರದ ಗೋಡೆಗಿದ್ದ ದೇವರ ಜಗುಲಿಯ ಬುಡಕ್ಕೆ ಬೀಳತೊಡಗಿತು. ಹೊರಸು ಅಲ್ಲಿಗೆ ಎಳೆಯೋಣವೆಂದರೆ ಅತ್ತೆ ಸುತರಾಂ ಒಪ್ಪಲಿಲ್ಲ. ದೇವರ ಮುಂದೆ ಕಾಲು ಚಾಚಿ ಮಲಗುವುದುಂಟೇ ಅಂದರು. ನಮ್ಮ ದೇವರು ಬೆಚ್ಚಗಿದ್ದ, ಅತ್ತೆ ನಡುಗುತ್ತಿದ್ದರು. ಕೌದಿಯ ಮೇಲೆ ಕೌದಿ ಹೊದಿಸಿದೆ, ಎಣ್ಣೆ ಕಾಸಿ ಕಾಲು ತಿಕ್ಕಿದೆ. ತಪ್ಪು ನನ್ನದು, ಕಿಂಡಿ ಸರಿಸೋಣ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಮೀಸೆಯಿಲ್ಲದ ನನ್ನದೂ ಅದೇ ಕಥೆ.

ಮಾಘದ ಕೊನೆಗೆ ಅತ್ತೆ ತೀರಿಕೊಂಡರು. ಬಿಸಿಲು ಬಿದ್ದಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ ಕೊನೆಯ ದಿನಗಳಲ್ಲಿ ಬೆಚ್ಚಗಾದರೂ ಇರುತ್ತಿದ್ದರು. ದಿನಕರ್ಮಗಳೆಲ್ಲ ಮುಗಿದ ಮೇಲೆ ತಡೆಯಲಾರದೆ ಗಂಡನ ಮುಂದೆ ಅತ್ತು ತಪ್ಪು ಒಪ್ಪಿಕೊಂಡೆ. ಅವರು ಕಿಂಡಿಯತ್ತ ನೋಡಿ ಹೇಳಿದರು.

"ಕಿಂಡಿ ಸರಸೂದು ಅರ್ಧ ದಿನದ ಕೆಲಸ. ನಾನು ಕಬ್ಬಿಣದ ಹಾರಿ ಹಿಡದು ಮಾಳಿಗಿ ಹತ್ತಿದ್ದೆ. ಅವ್ವನೇ ಬ್ಯಾಡ ಅಂದ್ಲು. ಓಣಿಗೆಲ್ಲ ನನ್ನ ಸೊಸಿ ಭಾಳ ಶ್ಯಾಣ್ಯಾಕಿ ಅಂತ ಹೇಳೀನಿ, ಆಕಿ ತಾನಾಗಿ ಹೇಳೂ ತನಕ ಮುಟ್ಟಬ್ಯಾಡ ಅಂದ್ಲು."

ಹೇಳಲು ನನಗೆ ಎರಡು ತಿಂಗಳು ಇತ್ತು. ದಿನಾಲೂ ಅವರ ತಣ್ಣನೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದೆ.