ಊರಿಗೊಂದೇ ಮುಲ್ಲಾರ ಮನೆ

ಪೇಟೆಯವರಿಗೊಂದು ರೂಢಿ: ಮುಸಲ್ಮಾನರೆಂದರೆ ಮಸೀದಿಯ ಸುತ್ತಲಿನ ಓಣಿ ಎಂದೇ ತಿಳಿಯುವುದು. ಹೊಳೆದಂಡೆಯ ಹಳ್ಳಿಗಳಲ್ಲಿ ಊರಿಗೊಂದೇ ಮನೆಯಾಗಿ ಬಾಳಿದವರನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿಂಗಟಾಲೂರಿನ ಹತ್ತಿರದ ಹಳ್ಳಿಯ ಮೋತಿಬಿಯದು ಅಂಥದೊಂದು ಮನೆ.

ಅವಳ ಗಂಡ ಮಾಶಾಕ ಊರ ಮುಲ್ಲಾ. ಅವನು ಬಿಸ್ಮಿಲ್ಲಾ ಎಂದು ಕೊಯ್ಯದ ಕುರಿ ಕೋಳಿಯನ್ನು ಅಲ್ಲಿಯ ಹಿಂದೂಗಳೂ ಉಣ್ಣುತ್ತಿರಲಿಲ್ಲ. ಆ ಕೆಲಸಕ್ಕೆಂದೇ ಊರು ಮನೆ ಕೊಟ್ಟಿತ್ತು. ಎಪ್ಪತ್ತೆಂಟನೆಯ ಇಸವಿಯಲ್ಲಿ ಮಾಶಾಕ ತೀರಿಕೊಂಡ. ವಿಧವೆ ಮನೆಯೊಳಗಿರಬೇಕಾದ ಇದ್ದತ್ತಿನ ದಿನಗಳು ಮುಗಿಯುತ್ತಲೇ ಊರ ಹಿರಿಯ ಹೇಮಪ್ಪ ಬಂದು, ಲಕ್ಷ್ಮೇಶ್ವರದಿಂದ ಹೊಸ ಮುಲ್ಲಾನನ್ನು ಕರೆಸುತ್ತೇವೆ, ಮನೆ ಬಿಡು ಎಂದ. ಮೋತಿಬಿಯ ತಮ್ಮ ಲಾಡಸಾಬ ಬೆಟಗೇರಿಯಿಂದ ಟೆಂಪೋ ತಂದು ಸಾಮಾನು ಏರಿಸತೊಡಗಿದ.

"ನಮ್ಮ ಓಣ್ಯಾಗ ನಮ್ಮವರ ನಡುವ ಇರು ಆಪಾ. ಐದೂ ಹೊತ್ತು ಆಜಾನ್ ಕೇಳತೈತಿ. ಇಲ್ಲೇನೈತಿ?"

"ಇಷ್ಟು ವರ್ಸ ನೆರಳ ನೋಡಿ ನಮಾಜ ಮಾಡೀನಿ. ಈ ಮಂದಿ ನನ್ನವರಲ್ಲಂತ ನಿನಗ್ಯಾರ ಹೇಳಿದ್ರು?"

ಮೋತಿಬಿ ಗಂಡನ ಚೂರಿ ಹಿಡಿದು ಹೊರಗೆ ಬಂದಳು. "ಇನ್ನ ಮ್ಯಾಲೆ ನಾನ ಕೊಯ್ತೀನಿ. ಹೆಂಗಸು ಕೊಯ್ದ್ರೂ ಹಲಾಲಂತ ನಮ್ಮ ಮನಿಯವರ ಹೇಳಿದ್ರು."

ಹೇಮಪ್ಪ ನಕ್ಕ. "ನೀ ಕೊಯ್ದದ್ದ ಊರಾಗ ಒಬ್ಬರು ಉಂಡ್ರೂ ಮನಿ ನಿಂದ."

ನೆರೆಮನೆಯ ಮುತ್ತವ್ವ ತನ್ನ ಕೋಳಿ ತಂದುಕೊಟ್ಟಳು. ಮೋತಿಬಿ ಕೊಯ್ದಳು, ಅಟ್ಟಳು, ಮೊದಲು ತಮ್ಮನ ಮುಂದೆಯೇ ತಾಟು ಇಟ್ಟಳು. ಅವನು ತಾಟು ಸರಿಸಿದ. "ನಮ್ಮಲ್ಲಿ ಹೆಂಗಸರು ಕೊಯ್ಯೂದಿಲ್ಲ." ತಮ್ಮನೇ ಮುಟ್ಟದ್ದನ್ನು ತಾವು ಹೇಗೆ ಮುಟ್ಟುವುದೆಂದು ನೆರೆದ ಮಂದಿಯೂ ಹಿಂದೆ ಸರಿದರು.

ಮೋತಿಬಿಗೆ ಸಿಟ್ಟು ನೆತ್ತಿಗೇರಿತು. ತಾಟು ಎತ್ತಿಕೊಂಡು ನೆಟ್ಟಗೆ ಚಾವಡಿಗೆ ಹೋಗಿ, ಗಂಡಸರಷ್ಟೇ ಕೂರುವ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣತೊಡಗಿದಳು. ಊರಿಗೆ ಊರೇ ಹಿಂದೆ ಬಂತು. ಮುತ್ತವ್ವ ಗುಂಪು ಸೀಳಿಕೊಂಡು ಬಂದು ಪಕ್ಕದಲ್ಲಿ ಕುಳಿತು, ಅದೇ ತಾಟಿನಲ್ಲಿ ರೊಟ್ಟಿ ಮುರಿದಳು.

"ನಾ ಉಂಡೆ ಹೇಮಪ್ಪಣ್ಣ," ಎಂದಳು ತುತ್ತು ನುಂಗಿ. "ನಾನೂ ಈ ಊರಾಕಿನ."

ಹೇಮಪ್ಪ ಸೋಲೊಪ್ಪಿದ. "ಆತ ಬಿಡವಾ ಮೋತಿಬಿ. ಮನಿ ನಿಂದ."

"ಬರೇ ಬಾಯಿಲೆ ಅಂದ್ರ ಆಗೂದಿಲ್ಲರಿ," ಎಂದಳು ಮೋತಿಬಿ, ತಾಟಿನಿಂದ ತಲೆ ಎತ್ತದೆ. "ಟೆಂಪೋದಾಗಿನ ನನ್ನ ಹಂಡೆ ಇಳಸ್ರಿ. ನನ್ನ ತಮ್ಮ ಉಂಡಿಲ್ಲ, ಅವಗ ಎತ್ತಾಕ ಆಗೂದಿಲ್ಲ."