ಹೆಲ್ಮೆಟ್ಟಿನ ಫುಟ್‌ಬಾಲ್

ಇಚಲಕರಂಜಿಯ ನಮ್ಮ ಮಿಲ್ಲಿನ ಬಟ್ಟಿ ನೋಡಾಕ ಬಂದಿದ್ದ ಅಮೆರಿಕದ ಸಾಹೇಬನ್ನ ಕೊಲ್ಹಾಪುರಕ್ಕ ಫುಟ್‌ಬಾಲ್ ಮ್ಯಾಚಿಗೆ ಕರಕೊಂಡು ಹೋಗಿದ್ದೆ. ಅಂವ ಮೊಬೈಲಿನ್ಯಾಗ ತಮ್ಮ ದೇಶದ ಫುಟ್‌ಬಾಲ್ ತೋರಿಸಿದ. ಬಾಜೂಕ ಕುಂತಿದ್ದ ಕೊಲ್ಹಾಪುರದ ಮರಾಠಿ ಕಾಕಾ ಒಬ್ರು ಇಣುಕಿದ್ರು.

"ಚೆಂಡು ಕೈಯಾಗ, ತಲೀಗೆ ಹೆಲ್ಮೆಟ್! ಇದನ್ನ ಯಾರ್ ನೋಡ್ತಾರ್ರೀ?"

ಇದ್ದಂಗ ಹೇಳಿದ್ರ ಆರ್ಡರ್ ಹೋದೀತು ಅಂತ ಅಂಜಿ ಸಾಹೇಬಗ, "ಎಷ್ಟ್ ಮಂದಿ ನೋಡ್ತಾರ ಅಂತ ಕೇಳಾಕತ್ತಾರ" ಅಂದೆ.

"ಇಡೀ ಊರು! ಮ್ಯಾಚಿಗಿಂತ ಮೊದಲ ಮೈದಾನದ ಹೊರಗ ಒಲಿ ಹಚ್ಚಿ ಮಾಂಸ ಸುಟ್ಟು ಹಂಚಿ ತಿಂತೀವಿ" ಅಂದ ಸಾಹೇಬ.

ಕಾಕಾರ ಮುಖ ಅರಳಿತು. "ಹಂಗಾದ್ರ ಇವ್ರೂ ನಮ್ಮ ಮಂದಿನ ಬಿಡ್ರಿ! ನಮ್ಮ ಪೇಠೆ, ಅಂದ್ರ ನಮ್ಮ ಓಣಿ ಟೀಮ್, ಗೆದ್ದ ದಿನ ನಾವೂ ಮಟನ್ ರಸ್ಸಾ ಕುದಸ್ತೀವಿ. ಮಸಾಲಿ ಏನ್ ಹಾಕ್ತಾರ, ಕೇಳ್ರಿ."

ಆಮ್ಯಾಲೆ ಇಬ್ಬರೂ ಮೈದಾನ ನೋಡಲೇ ಇಲ್ಲ. ನಡುವ ಕುಂತು ಎಲುಬು, ಮಸಾಲಿ, ಉರಿ ಎಲ್ಲಾ ಭಾಷಾಂತರ ಮಾಡಿದಾಂವ, ಉಳ್ಳಾಗಡ್ಡಿ ಸೈತ ಮುಟ್ಟದ ಉದಗಾಂವದ ಜೈನ, ನಾನು.